ಪ್ರಶ್ನೆ ಮೊದಲು, ಪುಸ್ತಕ ಆಮೇಲೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಯಾವ ಕೋಶವನ್ನು ಓದಬೇಕು, ಯಾವಾಗ ಓದಬೇಕು, ಓದಿದ್ದನ್ನು ಎಷ್ಟು ನಂಬಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ಓದುಗನೇ ಕಲಿಯಬೇಕಾಗುತ್ತದೆ. ಬೈಬಲಿನಂತಹ ಪ್ರಾಚೀನ ಗ್ರಂಥವನ್ನು ಅಭ್ಯಾಸ ಮಾಡುವವರಿಗಂತೂ ಈ ವಿದ್ಯೆ ಬಹಳ ಅಗತ್ಯ.

ಉಡುಪಿ ಜಿಲ್ಲೆಯಲ್ಲಿ ಬೈಬಲನ್ನು ಓದುವ ವಿದ್ಯಾರ್ಥಿಗಳು ಹಲವು ತರಹದವರು. ಆದಿತ್ಯವಾರದ ಶಾಲೆಯ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳು, ಕ್ವಿಜ್ ಸ್ಪರ್ಧೆಗೆ ತಯಾರಾಗುವವರು, ಪದವಿ ತರಗತಿಯಲ್ಲಿ ಮಿಲ್ಟನ್ನನ ಕಾವ್ಯವನ್ನು ಓದಬೇಕಾಗಿ ಬಂದು ಆದಿಕಾಂಡವನ್ನು ತೆರೆಯುವ ಎಲ್ಲ ಮತಗಳ ವಿದ್ಯಾರ್ಥಿಗಳು, ನೆರೆಮನೆಯವರ ಧರ್ಮಗ್ರಂಥದಲ್ಲಿ ಏನಿದೆ ಎಂದು ತಿಳಿಯಬಯಸುವ ಕುತೂಹಲಿಗಳು. ಇವರೆಲ್ಲರಿಗೂ ಒಂದಲ್ಲ ಒಂದು ಪುಟದಲ್ಲಿ ಅರ್ಥವಾಗದ ಮಾತು ಎದುರಾಗುತ್ತದೆ. ಆಗ ಸಹಾಯಕ ಗ್ರಂಥ ಬೇಕಾಗುತ್ತದೆ.

ಬೈಬಲಿಗೂ ನಿಘಂಟಿಗೂ ಕರಾವಳಿಯಲ್ಲಿ ಹಳೆಯ ನಂಟು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಅಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1847ರಲ್ಲಿ ತುಳು ಭಾಷೆಯ ಹೊಸ ಒಡಂಬಡಿಕೆ ಅಲ್ಲಿಂದ ಹೊರಬಂತು. ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಪ್ರಸಿದ್ಧ ಕನ್ನಡ ನಿಘಂಟು 1894ರಲ್ಲಿ ಅಲ್ಲೇ ಬೆಳಕು ಕಂಡವು. ಬೇರೊಂದು ಕಾಲದ, ಬೇರೊಂದು ನೆಲದ ಮಾತನ್ನು ಇಲ್ಲಿನವರಿಗೆ ತಿಳಿಸಬೇಕಾದರೆ ಮೊದಲು ಪದಗಳ ಲೆಕ್ಕ ಸರಿಯಾಗಬೇಕು ಎಂಬುದು ಆ ವಿದ್ವಾಂಸರಿಗೆ ಗೊತ್ತಿತ್ತು.

ಅದು ಪಾದ್ರಿಗಳಿಗೆ ಮಾತ್ರ ಸೇರಿದ ಕೆಲಸವೂ ಆಗಿರಲಿಲ್ಲ. ಯೇಸುವಿನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಕನ್ನಡದಲ್ಲಿ ಬರೆದವರು ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಅವರ ಹೆಸರಿನಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿರುವ ಸಂಶೋಧನ ಕೇಂದ್ರವೇ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು.

ನಾಲ್ಕು ಬಗೆಯ ಪ್ರಶ್ನೆಗಳು

ಪುಸ್ತಕದ ಅಂಗಡಿಯಲ್ಲಿ ದಪ್ಪನೆಯ ಸಂಪುಟವೊಂದನ್ನು ಎತ್ತಿಕೊಂಡು ಮಗಳು ‘ಅಪ್ಪ, ಇದರಲ್ಲಿ ಎಲ್ಲವೂ ಉಂಟಂತೆ’ ಎನ್ನುತ್ತಾಳೆ ಎಂದಿಟ್ಟುಕೊಳ್ಳಬಹುದು. ‘ಎಲ್ಲ ಉಂಟು ಸರಿ ಮಗಾ, ನಿನಗೆ ಬೇಕಾದ್ದು ಯಾವುದು?’ ಎಂದು ಕೇಳುವ ತಂದೆ ಜಾಣ. ವೈದ್ಯರು ರೋಗ ಯಾವುದೆಂದು ತಿಳಿಯದೆ ಔಷಧಿ ಬರೆಯುವುದಿಲ್ಲ. ಹಾಗೆಯೇ ಪ್ರಶ್ನೆ ಯಾವುದೆಂದು ತಿಳಿಯದೆ ಪುಸ್ತಕ ಕೊಳ್ಳಬಾರದು.

ಬೈಬಲ್ ಓದುವಾಗ ಏಳುವ ಪ್ರಶ್ನೆಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಈ ಮಾತು ಬೇರೆಲ್ಲಿ ಬಂದಿದೆ? ಇದಕ್ಕೆ ಉತ್ತರ ಕೊಡುವುದು ಪದಸೂಚಿ, ಅಂದರೆ ಕನ್‌ಕಾರ್ಡೆನ್ಸ್. ಈ ವಸ್ತು, ಈ ಅಳತೆ, ಈ ಪದ್ಧತಿ ಎಂದರೇನು? ಇದಕ್ಕೆ ಬೈಬಲ್ ನಿಘಂಟು. ಈ ಊರು ಎಲ್ಲಿದೆ, ಎಷ್ಟು ದೂರ? ಇದಕ್ಕೆ ಭೂಪಟಗಳ ಪುಸ್ತಕ. ಇಡೀ ಭಾಗದ ತಾತ್ಪರ್ಯವೇನು? ಇದಕ್ಕೆ ವ್ಯಾಖ್ಯಾನ ಗ್ರಂಥ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟರೆ ಗೊಂದಲವೇ ಫಲ.

ಇವುಗಳಿಗೂ ಮೊದಲು ಮನೆಯಲ್ಲಿರಬೇಕಾದದ್ದು ಎರಡು ಬೇರೆ ಬೇರೆ ಅನುವಾದಗಳು. ಹಳೆಯ ಒಡಂಬಡಿಕೆಯ ಬಹುಭಾಗ ಹೀಬ್ರೂ ಭಾಷೆಯಲ್ಲಿದೆ, ಸ್ವಲ್ಪ ಭಾಗ ಅರಮಾಯಿಕ್ ಭಾಷೆಯಲ್ಲಿದೆ. ಹೊಸ ಒಡಂಬಡಿಕೆ ಗ್ರೀಕ್ ಭಾಷೆಯಲ್ಲಿದೆ. ಕನ್ನಡದ ಓದುಗ ಓದುವುದೆಲ್ಲವೂ ಅನುವಾದವೇ. ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೋಲಿಕರದರಲ್ಲಿ 73. ಒಂದರಲ್ಲಿ ‘ಸುವಾರ್ತೆ’ ಎಂದಿರುವುದು ಇನ್ನೊಂದರಲ್ಲಿ ‘ಶುಭಸಂದೇಶ’. ಒಂದರ ‘ಅಪೊಸ್ತಲ’ ಇನ್ನೊಂದರ ‘ಪ್ರೇಷಿತ’. ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿ, ಎರಡೂ ಬೇರೆ ಬೇರೆ ವಿಷಯಗಳೆಂದು ಭಾವಿಸಿ ಕ್ವಿಜ್ಜಿನಲ್ಲಿ ತಪ್ಪು ಉತ್ತರ ಕೊಡುವ ಸಂಭವವಿದೆ. ಎರಡು ಅನುವಾದಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಎಲ್ಲಿ ಅವು ಬೇರೆಯಾಗುತ್ತವೆಯೋ ಅಲ್ಲಿ ವಿಚಾರಿಸಬೇಕಾದದ್ದೇನೋ ಇದೆ ಎಂಬ ಸೂಚನೆ ಖರ್ಚಿಲ್ಲದೆ ಸಿಗುತ್ತದೆ.

ಪದಸೂಚಿಯ ಬಲ ಮತ್ತು ಮಿತಿ

ಇಂಗ್ಲಿಷ್ ಬೈಬಲಿನ ಪದಸೂಚಿಗಳಲ್ಲಿ ಅಲೆಕ್ಸಾಂಡರ್ ಕ್ರೂಡೆನ್ ಅವರದು 1737ರಷ್ಟು ಹಳೆಯದು. 1890ರಲ್ಲಿ ಬಂದ ಜೇಮ್ಸ್ ಸ್ಟ್ರಾಂಗ್ ಅವರ ಸೂಚಿಯಲ್ಲಿ ಪ್ರತಿಯೊಂದು ಮೂಲಪದಕ್ಕೂ ಒಂದು ಸಂಖ್ಯೆಯಿದೆ. ಹೀಬ್ರೂ, ಗ್ರೀಕ್ ಬಾರದವರೂ ಆ ಸಂಖ್ಯೆಯ ಮೂಲಕ ಮೂಲಪದವನ್ನು ಗುರುತಿಸಬಹುದು. ಇದೊಂದು ದೊಡ್ಡ ಅನುಕೂಲ.

ಆದರೆ ಎರಡು ಎಚ್ಚರಿಕೆಗಳು ಬೇಕು. ಒಂದು, ಪದಸೂಚಿ ಒಂದು ನಿರ್ದಿಷ್ಟ ಅನುವಾದಕ್ಕೆ ಕಟ್ಟಿಕೊಂಡಿರುತ್ತದೆ. ಕ್ರೂಡೆನ್ ಮತ್ತು ಸ್ಟ್ರಾಂಗ್ ಇಬ್ಬರ ಸೂಚಿಗಳೂ 1611ರ ಕಿಂಗ್ ಜೇಮ್ಸ್ ಅನುವಾದಕ್ಕೆ ಸಂಬಂಧಿಸಿದವು. ಮನೆಯಲ್ಲಿರುವುದು ಬೇರೆ ಅನುವಾದವಾದರೆ ಹುಡುಕಿದ ಪದ ಅಲ್ಲಿ ಸಿಗದಿರಬಹುದು.

ಎರಡನೆಯದು ಇನ್ನೂ ಮುಖ್ಯವಾದದ್ದು. ಪದಸೂಚಿಯಲ್ಲಿ ಒಂದು ಪದಕ್ಕೆ ನಾಲ್ಕಾರು ಅರ್ಥಗಳನ್ನು ಕೊಟ್ಟಿದ್ದರೆ, ಅವುಗಳಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ಆರಿಸಿಕೊಳ್ಳುವ ಹಕ್ಕು ಓದುಗನಿಗಿಲ್ಲ. ಕನ್ನಡದ ‘ಕರೆ’ ಎಂಬ ಪದವನ್ನೇ ನೋಡಬಹುದು. ಬಟ್ಟೆಗೆ ಅಂಟುವ ಕಲೆಯೂ ಕರೆ, ದೂರವಾಣಿಯಲ್ಲಿ ಬರುವುದೂ ಕರೆ, ಹಸುವಿನಿಂದ ಹಾಲು ಕರೆಯುವುದೂ ಅದೇ. ಕಾರ್ಕಳದ ಮಿಯಾರಿನಲ್ಲಿ ‘ಲವ–ಕುಶ ಜೋಡುಕರೆ ಕಂಬಳ’ ಎಂದಾಗ ಮಾತ್ರ ಅದು ಕೋಣಗಳು ಓಡುವ ಕೆಸರುಗದ್ದೆಯ ಓಟದ ಹಾದಿ. ಕಂಬಳವನ್ನೇ ಕಾಣದ ಪರದೇಶದವನೊಬ್ಬ ನಿಘಂಟು ನೋಡಿ ‘ಎರಡು ಬಾರಿ ಕೂಗಿ ಕರೆಯುವ ಉತ್ಸವ’ ಎಂದು ಬರೆದುಕೊಂಡರೆ ನಗು ಬರುತ್ತದೆ. ಎರಡು ಸಾವಿರ ವರ್ಷಗಳ ಹಿಂದಿನ ಗ್ರೀಕ್ ಪದದ ಮುಂದೆ ಕಾರ್ಕಳದ ಹುಡುಗನೂ ಅಂತಹ ಪರದೇಶದವನೇ. ಅರ್ಥವನ್ನು ನಿರ್ಣಯಿಸುವುದು ವಾಕ್ಯ. ಪದಸೂಚಿ ಕೇವಲ ಸಾಧ್ಯತೆಗಳನ್ನು ತೋರಿಸುತ್ತದೆ.

ಕಿಂಗ್ ಜೇಮ್ಸ್ ಅನುವಾದದಲ್ಲಿ ಶಿಷ್ಯರು ಹಸಿವಾಗಿ ‘ಕಾರ್ನ್’ ತೆನೆಗಳನ್ನು ಕಿತ್ತು ತಿಂದರೆಂದಿದೆ. ಇಂದಿನ ಮಕ್ಕಳಿಗೆ ಕಾರ್ನ್ ಎಂದರೆ ಮೆಕ್ಕೆಜೋಳ. ಆದರೆ ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ; 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗುವ ಮುನ್ನ ಪ್ಯಾಲೆಸ್ಟೈನಿನಲ್ಲಿ ಅದು ಇರಲು ಸಾಧ್ಯವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಆಯಾ ನಾಡಿನ ಧಾನ್ಯ. ಆದುದರಿಂದ ಅಲ್ಲಿ ಗೋಧಿಯನ್ನೋ ಜವೆಗೋಧಿಯನ್ನೋ ಊಹಿಸಬೇಕು. ಸೆಪ್ಟೆಂಬರ್ 8ರ ತೆನೆಹಬ್ಬದಂದು ಉಡುಪಿಯ ಇಗರ್ಜಿಗಳಲ್ಲಿ ಆಶೀರ್ವದಿಸಿ ಹಂಚುವ ತೆನೆ ಭತ್ತದ್ದಲ್ಲವೇ? ನೆಲ ಬದಲಾದಂತೆ ತೆನೆಯೂ ಬದಲಾಗುತ್ತದೆ.

ಅಳತೆ ತಿಳಿದರೆ ಕಥೆ ತಿಳಿಯುತ್ತದೆ

ಮೊದಲು ಕೊಳ್ಳಬೇಕಾದ ಸಹಾಯಕ ಗ್ರಂಥ ಯಾವುದು ಎಂದು ಕೇಳಿದರೆ, ಒಂದೇ ಸಂಪುಟದ ಒಳ್ಳೆಯ ಬೈಬಲ್ ನಿಘಂಟು ಎಂದು ನಿಸ್ಸಂಶಯವಾಗಿ ಹೇಳಬಹುದು. ಗಿಡಮರ, ಪ್ರಾಣಿ, ನಾಣ್ಯ, ತೂಕ, ಉಡುಪು, ಹಬ್ಬ ಎಲ್ಲವನ್ನೂ ಅದು ಅಕಾರಾದಿಯಾಗಿ ವಿವರಿಸುತ್ತದೆ.

ನೋಹನ ನಾವೆಯ ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ ಎಂದು ಆದಿಕಾಂಡ ಹೇಳುತ್ತದೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆಯೇ ಮೊಳ. ನಿಘಂಟು ಅದನ್ನು ಸುಮಾರು 45 ಸೆಂಟಿಮೀಟರ್ ಎನ್ನುತ್ತದೆ. ಗುಣಿಸಿದರೆ ಉದ್ದ 135 ಮೀಟರ್, ಎತ್ತರ 13.5 ಮೀಟರ್. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. ಅಂತಹ ಐದು ದೀಪಸ್ತಂಭಗಳನ್ನು ಸಾಲಾಗಿ ಮಲಗಿಸಿದರೆ ನಾವೆಯ ಉದ್ದ ಸಿಕ್ಕಿತು. 1432ರಲ್ಲಿ ಪ್ರತಿಷ್ಠಾಪನೆಯಾದ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ. ನಾವೆಯ ಎತ್ತರ ಅದಕ್ಕಿಂತ ಎರಡು ಮೂರು ಅಡಿ ಹೆಚ್ಚು. ಇಷ್ಟು ಲೆಕ್ಕ ಹಾಕಿದ ಹುಡುಗ ಆ ಕಥೆಯ ಅಳತೆಯನ್ನು ಮತ್ತೆ ಮರೆಯುವುದಿಲ್ಲ.

ಅಳತೆ ತಿಳಿಯದಿದ್ದರೆ ಕೆಲವೆಡೆ ಕಥೆಯ ತಿರುಳೇ ಕೈತಪ್ಪುತ್ತದೆ. ಮತ್ತಾಯನ 18ನೆಯ ಅಧ್ಯಾಯದಲ್ಲಿ ಒಬ್ಬ ಸೇವಕ ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿರುತ್ತದೆ. ಅರಸ ಅದನ್ನು ಮನ್ನಿಸುತ್ತಾನೆ. ಅದೇ ಸೇವಕ ಹೊರಗೆ ಬಂದು, ತನಗೆ ನೂರು ದೆನಾರಿ ಕೊಡಬೇಕಾದ ಜೊತೆಗಾರನನ್ನು ಸೆರೆಮನೆಗೆ ಹಾಕಿಸುತ್ತಾನೆ. ದೆನಾರಿ ಎಂಬುದು ಒಬ್ಬ ಕೂಲಿಯಾಳಿನ ಒಂದು ದಿನದ ಸಂಬಳವೆಂದು ಅದೇ ಸುವಾರ್ತೆಯ 20ನೆಯ ಅಧ್ಯಾಯದಿಂದ ತಿಳಿಯುತ್ತದೆ. ಒಂದು ತಲಾಂತು ಸುಮಾರು 6,000 ದೆನಾರಿಗೆ ಸಮವೆಂದು ನಿಘಂಟು ಹೇಳುತ್ತದೆ. ವರ್ಷಕ್ಕೆ 300 ದಿನ ದುಡಿದರೆ ಒಂದು ತಲಾಂತು ಗಳಿಸಲು 20 ವರ್ಷ. ಹತ್ತು ಸಾವಿರ ತಲಾಂತಿಗೆ ಎರಡು ಲಕ್ಷ ವರ್ಷ! ಜೊತೆಗಾರನ ಸಾಲವಾದರೋ ನೂರು ದಿನಗಳ ಕೂಲಿ. ಒಂದಕ್ಕೆ ಆರು ಲಕ್ಷದ ಅಂತರ. ಒಬ್ಬ ಮನುಷ್ಯ ಎಷ್ಟನ್ನು ಪಡೆದು ಎಷ್ಟನ್ನು ಬಿಟ್ಟುಕೊಡಲಾರದೆ ಹೋದ ಎಂಬುದು ಈ ಲೆಕ್ಕದಲ್ಲಿಯೇ ಇದೆ. ಕಿಂಗ್ ಜೇಮ್ಸ್ ಅನುವಾದದಲ್ಲಿ ದೆನಾರಿಗೆ ‘ಪೆನ್ನಿ’ ಎಂದಿರುವುದರಿಂದ, ಅದನ್ನು ಮಾತ್ರ ಓದಿದವನಿಗೆ ನೂರು ದಿನಗಳ ಕೂಲಿ ಬರೇ ಚಿಲ್ಲರೆ ಕಾಸಿನಂತೆ ಕಂಡೀತು.

ಭೂಪಟ ಮತ್ತು ವ್ಯಾಖ್ಯಾನ

ಅನೇಕ ಬೈಬಲುಗಳ ಕೊನೆಯ ಪುಟಗಳಲ್ಲಿ ಭೂಪಟಗಳಿರುತ್ತವೆ. ಹೆಚ್ಚಿನವರು ಅವನ್ನು ತೆರೆಯುವುದಿಲ್ಲ. ಗಲಿಲಾಯ ‘ಸಮುದ್ರ’ ಎಂದೊಡನೆ ಕಾಪು, ಮಲ್ಪೆಯ ಮಕ್ಕಳಿಗೆ ಕಣ್ಣಿಗೆ ಕಟ್ಟುವುದು ಆಚೆ ದಡವಿಲ್ಲದ ಅರಬಿ ಸಮುದ್ರ. ವಾಸ್ತವದಲ್ಲಿ ಅದು ಸಿಹಿನೀರಿನ ಸರೋವರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಸುಮಾರು 13 ಕಿಲೋಮೀಟರ್, ಹೆಚ್ಚು ಕಡಿಮೆ ಉಡುಪಿಯಿಂದ ಕಾಪುವಿಗಿರುವಷ್ಟೇ ದೂರ. ಅದರ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗಿದೆ. ಸುತ್ತಲಿನ ಎತ್ತರದಿಂದ ತಣ್ಣನೆಯ ಗಾಳಿ ಥಟ್ಟನೆ ಇಳಿದಾಗ ಅಲ್ಲಿ ಬಿರುಗಾಳಿ ಏಳುತ್ತದೆ. ದೋಣಿಯಲ್ಲಿದ್ದ ಅನುಭವಿ ಬೆಸ್ತರೂ ಏಕೆ ಬೆದರಿದರು ಎಂಬುದು ಆಗ ಅರ್ಥವಾಗುತ್ತದೆ.

ವ್ಯಾಖ್ಯಾನ ಗ್ರಂಥವನ್ನು ಕಟ್ಟಕಡೆಗೆ ತೆರೆಯಬೇಕು. ಗಣಿತ ಪುಸ್ತಕದ ಹಿಂದಿನ ಉತ್ತರಗಳನ್ನು ಮೊದಲೇ ನೋಡಿದ ವಿದ್ಯಾರ್ಥಿ ಲೆಕ್ಕ ಕಲಿಯುವುದಿಲ್ಲ, ಇಲ್ಲಿಯೂ ಅಷ್ಟೆ. ಮೂಲಭಾಗವನ್ನು ಎರಡು ಮೂರು ಬಾರಿ ಓದಿ, ತನಗೆ ತೋರಿದ ಅರ್ಥವನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು, ಅನಂತರ ವ್ಯಾಖ್ಯಾನಕಾರ ಏನೆನ್ನುತ್ತಾನೆ ಎಂದು ನೋಡಬೇಕು. ಬರೆದವರು ಯಾರು, ಯಾವ ಸಭೆಗೆ ಸೇರಿದವರು, ಯಾವ ಕಾಲದವರು ಎಂಬುದನ್ನು ಮುನ್ನುಡಿಯಿಂದ ತಿಳಿದುಕೊಳ್ಳಬೇಕು. ಒಂದೇ ಭಾಗಕ್ಕೆ ಕ್ಯಾಥೋಲಿಕ್ ವಿದ್ವಾಂಸರ ಹಾಗೂ ಪ್ರಾಟೆಸ್ಟೆಂಟ್ ವಿದ್ವಾಂಸರ ವ್ಯಾಖ್ಯಾನಗಳನ್ನು ಹೋಲಿಸಿದರೆ, ಇಬ್ಬರೂ ಒಪ್ಪುವುದು ಯಾವುದು, ಅಭಿಪ್ರಾಯಭೇದ ಇರುವುದು ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಪ್ರಕಟವಾದ ವರ್ಷವನ್ನು ನೋಡಬೇಕು

ಇಂದು ಮೊಬೈಲಿನಲ್ಲಿ ಬೈಬಲಿನ ಸಹಾಯಕ ಗ್ರಂಥಗಳು ಪುಕ್ಕಟೆಯಾಗಿ ದೊರೆಯುತ್ತವೆ. ಹೆತ್ತವರಿಗೆ ಇದು ಸಂತೋಷದ ಸಂಗತಿಯೇ. ಆದರೆ ಪುಕ್ಕಟೆಯಾಗಿ ಸಿಗುವ ಬಹಳಷ್ಟು ಗ್ರಂಥಗಳು ಹಾಗೆ ಸಿಗುವುದು ಅವುಗಳ ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ. ಮ್ಯಾಥ್ಯೂ ಹೆನ್ರಿಯವರ ವ್ಯಾಖ್ಯಾನ 18ನೆಯ ಶತಮಾನದ ಆರಂಭದ್ದು. ವಿಲಿಯಂ ಸ್ಮಿತ್ ಅವರ ನಿಘಂಟು 1863ರದು. ಈಸ್ಟನ್ ಅವರದು 1890ರ ದಶಕದ್ದು. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ಪ್ರಾಚೀನ ಸುರುಳಿಗಳು ಮೊದಲು ಪತ್ತೆಯಾದದ್ದು 1947ರ ಸುಮಾರಿಗೆ. ಅಲ್ಲಿ ಸಿಕ್ಕಿದ ಯೆಶಾಯನ ಗ್ರಂಥದ ಪ್ರತಿ ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಈ ಹಳೆಯ ನಿಘಂಟುಗಳಲ್ಲಿ ಅದರ ಸುಳಿವೂ ಇರಲಾರದು. ಅವು ಕೆಟ್ಟ ಪುಸ್ತಕಗಳಲ್ಲ; ಅವುಗಳ ಕಾಲವನ್ನು ಅರಿತು ಓದಬೇಕು, ಅಷ್ಟೆ.

ಇದು ಬರೇ ಪರೀಕ್ಷೆಯ ಅಂಕಗಳಿಗೆ ಸಂಬಂಧಿಸಿದ ಮಾತಲ್ಲ. ‘ಕುಷ್ಠ’ ಎಂಬ ಒಂದು ಪದವನ್ನು ತೆಗೆದುಕೊಳ್ಳಬಹುದು. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಕುಷ್ಠ ಹತ್ತಿದವನು ಪಾಳೆಯದ ಹೊರಗೆ ಒಂಟಿಯಾಗಿ ಬಾಳಬೇಕೆಂಬ ನಿಯಮವಿದೆ. ಇದನ್ನು ಓದಿದವರು ಶತಮಾನಗಳ ಕಾಲ ಅದು ಇಂದಿನ ಕುಷ್ಠರೋಗವೇ ಎಂದು ತಿಳಿದು, ರೋಗಿಗಳನ್ನು ದೂರವಿಡಲು ಅದನ್ನೊಂದು ಆಧಾರವಾಗಿ ಮಾಡಿಕೊಂಡರು.

ಆದರೆ ಅದೇ ಅಧ್ಯಾಯಗಳನ್ನು ಪೂರ್ತಿಯಾಗಿ ಓದಿದರೆ ಬಟ್ಟೆಗೂ ಕುಷ್ಠ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ! ರೋಗಾಣುವಿನಿಂದ ಮನುಷ್ಯನಿಗೆ ಬರುವ ಕಾಯಿಲೆ ಗೋಡೆಗೆ ಬರುವುದುಂಟೇ? ಮೂಲದಲ್ಲಿರುವ ಹೀಬ್ರೂ ಪದ ‘ತ್ಸಾರಾಅತ್’. ಹಲವು ಬಗೆಯ ಚರ್ಮವ್ಯಾಧಿಗಳಿಗೂ, ಬಟ್ಟೆ ಗೋಡೆಗಳ ಮೇಲೆ ಏಳುವ ಬೂಷ್ಟಿನಂತಹ ಕಲೆಗಳಿಗೂ ಅದೊಂದೇ ಹೆಸರು ಎಂದು ಇತ್ತೀಚಿನ ನಿಘಂಟುಗಳು ವಿವರಿಸುತ್ತವೆ. ಆಟಿ ತಿಂಗಳ ಮಳೆಯಲ್ಲಿ ಕಪಾಟಿನ ಬಟ್ಟೆಗಳ ಗತಿ ಏನಾಗುತ್ತದೆಂದು ಉಡುಪಿಯವರಿಗೆ ಹೇಳಿಕೊಡಬೇಕಾಗಿಲ್ಲ. ಆ ಪದವನ್ನು ಗ್ರೀಕಿನಲ್ಲಿ ‘ಲೆಪ್ರಾ’ ಎಂದು ಅನುವಾದಿಸಿದರು. ಗ್ರೀಕರಲ್ಲಿ ಅದು ಚರ್ಮ ಹೊಪ್ಪಳೆ ಏಳುವ ವ್ಯಾಧಿಗಳ ಹೆಸರು. ಅದರಿಂದ ಇಂಗ್ಲಿಷಿಗೆ ‘ಲೆಪ್ರಸಿ’, ಕನ್ನಡಕ್ಕೆ ‘ಕುಷ್ಠ’ ಬಂದವು. 2011ರ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಎಂಬ ಇಂಗ್ಲಿಷ್ ಅನುವಾದ ಇಲ್ಲಿ ‘ಲೆಪ್ರಸಿ’ ಎಂಬ ಪದವನ್ನೇ ಬಿಟ್ಟು, ಅಶುದ್ಧಗೊಳಿಸುವ ಚರ್ಮವ್ಯಾಧಿ ಎಂಬರ್ಥದ ಮಾತನ್ನು ಬಳಸಿದೆ.

ಕುಷ್ಠರೋಗದ ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ ಕಂಡುಹಿಡಿದದ್ದು 1873ರಲ್ಲಿ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಅದು ಪೂರ್ತಿ ಗುಣವಾಗುತ್ತದೆ. ಆದರೂ ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪುವ ವಿಧಿಗಳು ಭಾರತದ ವೈಯಕ್ತಿಕ ಕಾನೂನುಗಳಲ್ಲಿ 2019ರ ತಿದ್ದುಪಡಿಯವರೆಗೂ ಉಳಿದಿದ್ದವು. ಕಾನೂನು ಹೋದರೂ ಜನರ ಮನಸ್ಸಿನ ಅಂಜಿಕೆ ಅಷ್ಟು ಬೇಗ ಹೋಗುವುದಿಲ್ಲ. ಮಣಿಪಾಲದಲ್ಲಿ ವೈದ್ಯಕೀಯ ಓದುವ ವಿದ್ಯಾರ್ಥಿಗೆ ಪಠ್ಯಪುಸ್ತಕ ಒಂದು ಹೇಳಿ, ಅವನ ಮನೆಯ ಧರ್ಮಗ್ರಂಥ ಇನ್ನೊಂದು ಹೇಳುವಂತೆ ಕಂಡರೆ, ಅಲ್ಲಿ ಜಗಳವಿರುವುದು ವಿಜ್ಞಾನಕ್ಕೂ ಗ್ರಂಥಕ್ಕೂ ಅಲ್ಲ. ಒಂದು ಪದದ ಎರಡು ಅರ್ಥಗಳಿಗೆ. ಒಳ್ಳೆಯ ನಿಘಂಟಿನ ಒಂದು ಪುಟ ಆ ಜಗಳವನ್ನು ಬಿಡಿಸುತ್ತದೆ. ಅದನ್ನು ತೆರೆಯದೆ ಹೋದರೆ ಪೆಟ್ಟು ಬೀಳುವುದು ಓದುಗನಿಗಲ್ಲ, ಎಲ್ಲಿಯೋ ಇರುವ ಒಬ್ಬ ರೋಗಿಗೆ.

ಹೆತ್ತವರಿಗೆ ನಾಲ್ಕು ಮಾತು

ಹತ್ತಾರು ಸಂಪುಟಗಳ ಮಾಲೆಯನ್ನು ಕಂತಿನಲ್ಲಿ ಕೊಂಡು ಗಾಜಿನ ಕಪಾಟಿನಲ್ಲಿ ಇಡುವುದರಿಂದ ಮಕ್ಕಳ ಓದು ಬೆಳೆಯುವುದಿಲ್ಲ. ಎರಡು ಅನುವಾದಗಳು, ಕಳೆದ ಮೂವತ್ತು ನಲವತ್ತು ವರ್ಷಗಳೊಳಗೆ ಪರಿಷ್ಕೃತವಾದ ಒಂದು ಸಂಪುಟದ ನಿಘಂಟು, ಒಂದು ಭೂಪಟ, ಒಂದು ಕನ್ನಡ ನಿಘಂಟು – ಸಾಮಾನ್ಯ ಮನೆಗೆ ಇಷ್ಟು ಧಾರಾಳ ಸಾಕು. ‘ನ್ಯೂ ಬೈಬಲ್ ಡಿಕ್ಷನರಿ’, ‘ಹಾರ್ಪರ್‌ಕಾಲಿನ್ಸ್ ಬೈಬಲ್ ಡಿಕ್ಷನರಿ’ ಎರಡೂ 1996ರಲ್ಲಿ ಪರಿಷ್ಕೃತವಾದವು. ಆರು ಸಂಪುಟಗಳ ‘ಆ್ಯಂಕರ್ ಬೈಬಲ್ ಡಿಕ್ಷನರಿ’ಯಂತಹ (1992) ದೊಡ್ಡ ಗ್ರಂಥಗಳನ್ನು ಗ್ರಂಥಾಲಯದಲ್ಲಿ ನೋಡುವುದೇ ಮೇಲು.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಹೇಗಿದ್ದರೂ ಉತ್ತರ ಗೊತ್ತಿರುವ ಮೂರು ಪದಗಳನ್ನು, ಉದಾಹರಣೆಗೆ ತಲಾಂತು, ಗಲಿಲಾಯ, ಕುಷ್ಠ ಇವುಗಳನ್ನು, ಆ ಪುಸ್ತಕದಲ್ಲಿ ತೆರೆದು ನೋಡಬೇಕು. ಬಟ್ಟೆ ಮತ್ತು ಗೋಡೆಯ ಕುಷ್ಠದ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಆ ಪುಸ್ತಕವನ್ನು ಕಪಾಟಿಗೆ ಮರಳಿಸಬಹುದು.

ಈ ವಾರ ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ. ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯದಲ್ಲಿ ‘ಸಬ್ಬತ್ ದಿನದ ಪ್ರಯಾಣದಷ್ಟು ದೂರ’ ಎಂಬರ್ಥದ ಮಾತೊಂದು ಬರುತ್ತದೆ. ಯೆಹೂದ್ಯರ ಸಂಪ್ರದಾಯದಂತೆ ಅದು 2,000 ಮೊಳ. ಅದು ಎಷ್ಟು ಮೀಟರ್ ಆಗುತ್ತದೆಂದು ಲೆಕ್ಕ ಹಾಕಿ, ಮನೆಯಿಂದ ಹೊರಟರೆ ಎಲ್ಲಿಯವರೆಗೆ ಹೋಗಬಹುದೆಂದು ನಡೆದು ನೋಡಬೇಕು. ಶಾಲೆ ಆ ಮಿತಿಯೊಳಗೆ ಇದೆಯೇ, ಹೊರಗಿದೆಯೇ? ಉತ್ತರದ ಪಕ್ಕದಲ್ಲಿ ಯಾವ ಪುಸ್ತಕದ ಯಾವ ಪುಟ ನೋಡಿದ್ದು ಎಂಬುದನ್ನೂ ಬರೆದಿಡಬೇಕು.